ಲೈಬ್ರರಿ ಎರರ್ ಎಸೆಯುವುದೇಕೆ?

ಪೈಥಾನ್ ಲೈಬ್ರರಿಗಳು ತಪ್ಪು ಕಂಡರೆ ತಾವೇ ಸರಿಪಡಿಸದೆ ಎರರ್ ಕೊಡುವುದೇಕೆ? – ವಿದ್ಯಾರ್ಥಿ, ಮಕ್ತಲ್

ಸರಿ ಯಾವುದೆಂದು ಲೈಬ್ರರಿಗೆ ಗೊತ್ತಿರುವುದಿಲ್ಲ, ಅದಕ್ಕೆ. ಗದ್ವಾಲ್ ಸೀರೆ ನೇಯುವ ಮನೆಯಲ್ಲಿ ಕಂಡಿಕೆ ಸುತ್ತುವಾಕೆ ನೂಲು ಮುಗಿದರೆ ಕೈಗೆ ಸಿಕ್ಕ ಬಣ್ಣ ಸುತ್ತುವುದಿಲ್ಲ. ಮಗ್ಗದಲ್ಲಿ ಕೂತವರಿಗೆ ಕೂಗಿ ಹೇಳುತ್ತಾಳೆ. ಸೀರೆಯ ಅಂಚು ಯಾವ ಬಣ್ಣದ್ದೆಂದು ಬಲ್ಲವರು ಅವರೇ.

ಪೈಥಾನ್ ಜೊತೆಗೇ ಬರುವ ‘ಇಂಟ್’ ನೋಡಿ. ಕನ್ನಡ ಅಂಕಿಯಲ್ಲಿ ‘೧೨’ ಕೊಟ್ಟರೂ 12 ಎಂದೇ ಓದಿಕೊಳ್ಳುತ್ತದೆ, ಖುಷಿಯ ಸಂಗತಿ! ‘ಹನ್ನೆರಡು’ ಎಂದು ಕೊಟ್ಟರೆ ಮಾತ್ರ ‘ವ್ಯಾಲ್ಯೂಎರರ್’ ಎಸೆಯುತ್ತದೆ. ಆ ಎರರ್ ‘ಇಂಟ್’ ಅನ್ನು ಕರೆದ ಫಂಕ್ಷನ್‌ಗೆ, ಅಲ್ಲಿಂದ ಆ ಫಂಕ್ಷನ್ಅನ್ನು ಕರೆದ ಫಂಕ್ಷನ್‌ಗೆ ಹೀಗೆ ಮೇಲೇರುತ್ತದೆ. ನಡುವೆ ‘ಟ್ರೈ–ಎಕ್ಸೆಪ್ಟ್’ ಇದ್ದರೆ ಅಲ್ಲಿ ಹಿಡಿದು, ಬಳಸುವವರನ್ನು ಮತ್ತೊಮ್ಮೆ ಕೇಳಬಹುದು. ಎಲ್ಲೂ ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ. ಬರೀ ‘ಎಕ್ಸೆಪ್ಟ್’ ಬರೆದು ಎಲ್ಲ ಎರರನ್ನೂ ನುಂಗಬೇಡಿ. ‘ವ್ಯಾಲ್ಯೂಎರರ್’ ಎಂದು ಹೆಸರು ಹಿಡಿದೇ ಬರೆಯಿರಿ.