ಉತ್ತರಕ್ಕಿಂತ ಯೋಚನೆ ಮುಖ್ಯ: ಕೇಸ್ ಇಂಟರ್‌ವ್ಯೂಗೆ ಹೀಗೆ ತಯಾರಾಗಿ

‘ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಅಡುಗೆ ಗ್ಯಾಸ್ ಸಿಲಿಂಡರ್ ಖಾಲಿಯಾಗುತ್ತವೆ?’

ಕೆಲಸದ ಸಂದರ್ಶನದಲ್ಲಿ ಇಂಥ ಪ್ರಶ್ನೆ ಬಂದರೆ ಏನು ಮಾಡ್ತೀರಿ? ‘ಗೊತ್ತಿಲ್ಲ ಸರ್’ ಅನ್ನೋದು ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು. ಶಾಲೆಯಿಂದಲೂ ನಮಗೆ ಅದೇ ರೂಢಿ. ಉತ್ತರ ಗೊತ್ತಿದ್ದರೆ ಕೈ ಎತ್ತಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಆದರೆ ಮೆಕಿನ್ಸೆ, ಬಿಸಿಜಿ, ಬೇನ್‌ನಂಥ ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಇಂಟರ್‌ವ್ಯೂನಲ್ಲಿ ಸುಮ್ಮನೆ ಕೂತರೆ ಅವಕಾಶ ಕೈತಪ್ಪಿದಂತೆಯೇ. ಪ್ರಶ್ನೆ ಕೇಳಿದವರಿಗೂ ನಿಖರ ಸಂಖ್ಯೆ ಗೊತ್ತಿರಬೇಕಿಲ್ಲ. ಅವರು ನೋಡುವುದು ನೀವು ಹಿಡಿಯುವ ದಾರಿಯನ್ನು.

ನಗರದಲ್ಲಿ 1.4 ಕೋಟಿ ಜನ ಅಂತ ಇಟ್ಟುಕೊಳ್ಳಿ. ಮನೆಗೆ ನಾಲ್ವರಂತೆ 35 ಲಕ್ಷ ಮನೆ. ಪೈಪ್ ಗ್ಯಾಸ್, ಇಂಡಕ್ಷನ್ ಒಲೆ ಇರುವವರನ್ನು ಬಿಟ್ಟು ಶೇ 80ರಷ್ಟು ಮನೆಗಳಲ್ಲಿ ಸಿಲಿಂಡರ್ ಅಂದರೆ 28 ಲಕ್ಷ. ಒಂದು ಸಿಲಿಂಡರ್ 40 ದಿನ ಬಂದರೆ ದಿನಕ್ಕೆ 70 ಸಾವಿರ. ಹೋಟೆಲುಗಳದ್ದು ಬೇರೆ ಲೆಕ್ಕ. ಇದಕ್ಕೆ ‘ಗೆಸ್ಟಿಮೇಟ್’ ಅಂತಾರೆ. ನೀವು ಊಹಿಸಿದ್ದು ಏನು, ಯಾಕೆ ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲಿ ಮುಖ್ಯ.

ದರ್ಶಿನಿಯ ಲಾಭ ಎಲ್ಲಿ ಹೋಯ್ತು?

ಪೂರ್ತಿ ಕೇಸ್ ಅಂದರೆ ಸುಮಾರು ಅರ್ಧ ಗಂಟೆಯ ಮಾತುಕತೆ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ: ‘ಒಂದು ದರ್ಶಿನಿಯ ತಿಂಗಳ ಲಾಭ 6 ಲಕ್ಷದಿಂದ 4 ಲಕ್ಷಕ್ಕೆ ಇಳಿದಿದೆ. ಯಾಕೆ?’

‘ರುಚಿ ಕೆಟ್ಟಿರಬೇಕು’ ಅಂತ ತಕ್ಷಣ ಹೇಳಿದರೆ ಕೆಟ್ಟಿರಿ. ಮೊದಲು ಪ್ರಶ್ನೆಯನ್ನು ನಿಮ್ಮ ಮಾತಲ್ಲಿ ಹೇಳಿ, ಸರಿಯೇ ಅಂತ ಕೇಳಿ. ಆಮೇಲೆ ಒಂದು ನಿಮಿಷ ಸಮಯ ಕೇಳಿ ಹಾಳೆಯ ಮೇಲೆ ಬರೆಯಿರಿ. ಲಾಭ ಅಂದರೆ ಆದಾಯ ಕಳೆ ಖರ್ಚು. ಆದಾಯ ಅಂದರೆ ಗಿರಾಕಿಗಳ ಸಂಖ್ಯೆ ಗುಣಿಸು ಸರಾಸರಿ ಬಿಲ್.

ಕೇಳಿದಾಗ ಸಿಗುವ ಮಾಹಿತಿ ಇದು: ಮೊದಲು ದಿನಕ್ಕೆ 1,000 ಜನ, ಸರಾಸರಿ ಬಿಲ್ 60 ರೂಪಾಯಿ. ಅಂದರೆ ತಿಂಗಳಿಗೆ 18 ಲಕ್ಷ. ಈಗ 1,100 ಜನ, ಬಿಲ್ ಅಷ್ಟೇ, ತಿಂಗಳಿಗೆ 19.8 ಲಕ್ಷ. ಅಂದರೆ ವ್ಯಾಪಾರ ಹೆಚ್ಚಿದೆ, ಲಾಭ ಇಳಿದಿದೆ! ಹಾಗಾದರೆ ಖರ್ಚು 12 ಲಕ್ಷದಿಂದ 15.8 ಲಕ್ಷಕ್ಕೆ ಏರಿರಬೇಕು. ಏನು ಬದಲಾಯ್ತು ಅಂತ ಕೇಳಿದರೆ ಗುಟ್ಟು ಹೊರಬರುತ್ತೆ. 1,100ರಲ್ಲಿ 400 ಆರ್ಡರ್ ಡೆಲಿವರಿ ಆ್ಯಪ್‌ನಿಂದ. ಆ್ಯಪ್ ಕಮಿಷನ್ ಶೇ 25, ಅಂದರೆ ಆರ್ಡರಿಗೆ 15 ರೂಪಾಯಿ. ಪ್ಯಾಕಿಂಗ್‌ಗೆ 5. ಒಟ್ಟು 20 ರೂಪಾಯಿಯಂತೆ ತಿಂಗಳಿಗೆ 2.4 ಲಕ್ಷ. ಏರಿದ 3.8 ಲಕ್ಷದಲ್ಲಿ ದೊಡ್ಡ ಪಾಲು ಇದೇ. ಉಳಿದದ್ದಕ್ಕೆ ದಿನಸಿ, ಸಂಬಳ ನೋಡಬೇಕು.

ಕೊನೆಗೆ ಸಲಹೆ ಕೊಡಬೇಕು. ಆ್ಯಪ್‌ನಲ್ಲಿ ಬಿಲ್ 10 ರೂಪಾಯಿ ಏರಿಸಿದರೆ, ಕಮಿಷನ್ ಕಳೆದು 7.50 ಉಳಿಯುತ್ತೆ. ಆರ್ಡರ್ ಕಡಿಮೆಯಾಗದಿದ್ದರೆ ತಿಂಗಳಿಗೆ 90 ಸಾವಿರ ವಾಪಸ್. ‘ಆರ್ಡರ್ ಕಡಿಮೆಯಾದರೆ?’ ಅನ್ನುವ ಅಪಾಯವನ್ನೂ ನೀವೇ ಹೇಳಿಬಿಡಿ. ಅದು ತೂಕದ ಮಾತು.

ತಯಾರಿ ಹೇಗೆ?

* ಬಿಡಿಸಿ ನೋಡಿ. ಮೆಕಿನ್ಸೆಯಲ್ಲಿದ್ದ ಬಾರ್ಬರಾ ಮಿಂಟೊ ಪ್ರಚಾರಕ್ಕೆ ತಂದ ‘ಮೀಸಿ’ ಅನ್ನುವ ನಿಯಮ ಇದೆ. ಸಮಸ್ಯೆಯನ್ನು ಭಾಗ ಮಾಡಿದಾಗ ಒಂದು ಭಾಗ ಇನ್ನೊಂದರಲ್ಲಿ ಸೇರಬಾರದು, ಯಾವುದೂ ಬಿಟ್ಟುಹೋಗಲೂಬಾರದು.
* ಜೊತೆಗಾರರನ್ನು ಹುಡುಕಿ. ಒಬ್ಬರೇ ಓದಿದರೆ ಸಾಲದು. ಒಬ್ಬರು ಕೇಳಬೇಕು, ಇನ್ನೊಬ್ಬರು ಬಿಡಿಸಬೇಕು, ಆಮೇಲೆ ಅದಲುಬದಲು. ಬಿ-ಸ್ಕೂಲ್ ಕ್ಲಬ್‌ಗಳ ‘ಕೇಸ್‌ಬುಕ್’ಗಳು ಇದಕ್ಕೆ ಉಪಯುಕ್ತ.
* ಬಾಯಿಲೆಕ್ಕ ರೂಢಿಸಿಕೊಳ್ಳಿ. ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಇರೋದಿಲ್ಲ. 10 ಲಕ್ಷ ಅಂದರೆ ಒಂದು ಮಿಲಿಯನ್, ಕೋಟಿ ಅಂದರೆ ಹತ್ತು ಮಿಲಿಯನ್. ಇಲ್ಲಿ ಸೊನ್ನೆ ತಪ್ಪಿದರೆ ಎಲ್ಲವೂ ತಪ್ಪು.
* ಚೌಕಟ್ಟು ಉರು ಹೊಡೆಯಬೇಡಿ. ಪುಸ್ತಕದ ಪಟ್ಟಿಯನ್ನು ಯಾವ ಪ್ರಶ್ನೆಗೂ ಅಂಟಿಸಿದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತೆ.
* ನಿಮ್ಮ ಕಥೆಯೂ ಬೇಕು. ತಂಡ ನಡೆಸಿದ್ದು, ಜಗಳ ಬಿಡಿಸಿದ್ದು, ಸೋತು ಕಲಿತದ್ದು – ಇಂಥ ಮೂರ್ನಾಲ್ಕು ನಿಜ ಅನುಭವ ಸಿದ್ಧವಿರಲಿ. ಕೇಸ್‌ನಷ್ಟೇ ಅದಕ್ಕೂ ಬೆಲೆ ಇದೆ.

ಇಂಗ್ಲಿಷ್ ಭಯವೇ?

‘ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ’ ಅಂತ ಅರ್ಜಿಯನ್ನೇ ಹಾಕದವರು ನಮ್ಮ ನಡುವೆ ಬಹಳ. ಭಾಷೆ ಸ್ಪಷ್ಟವಾಗಿರಬೇಕು, ನಿಜ. ಆದರೆ ಅಲಂಕಾರ ಬೇಕಿಲ್ಲ. ಮೊದಲು ಕೇಸನ್ನು ಕನ್ನಡದಲ್ಲೇ ಬಿಡಿಸಿ, ತರ್ಕ ಗಟ್ಟಿಯಾದ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಹೆಚ್ಚಾಗಿ ಯೋಚನೆಯೇ ಇನ್ನೂ ತಿಳಿಯಾಗಿರೋದಿಲ್ಲ.

ಸೀಟುಗಳು ಕಡಿಮೆ, ಚೆನ್ನಾಗಿ ತಯಾರಾದವರಿಗೂ ಸಿಗದೇ ಹೋಗಬಹುದು. ಆದರೂ ಕಲಿತದ್ದು ವ್ಯರ್ಥವಾಗೋದಿಲ್ಲ. ನಾಳೆ ಕಾಫಿ ಕುಡಿಯುವಾಗ ಆ ಹೋಟೆಲಿಗೆ ದಿನಕ್ಕೆ ಎಷ್ಟು ವ್ಯಾಪಾರ ಇರಬಹುದು ಅಂತ ಲೆಕ್ಕ ಹಾಕಿ ನೋಡಿ. ತಯಾರಿ ಶುರುವಾಯ್ತು ಅಂತಲೇ ಅರ್ಥ.