ದೆವ್ವದ ಪಿಚ್ಚರ್ ಹಚ್ಚೋ ಮೊದಲು

ದೀಪಾವಳಿ ರಜೆ ಬಂತಂದ್ರೆ ಪುಣೆ, ಬೆಂಗಳೂರಲ್ಲಿರೋ ನಾವೆಲ್ಲ ಅಥಣಿಗೆ ಬಂದು ಸೇರುತ್ತೇವೆ. ಐದು ವರ್ಷದ ಪುಟ್ಟಿಯಿಂದ ಎಪ್ಪತ್ತರ ಆಯಿಯವರೆಗೆ ಎಲ್ಲರಿಗೂ ಒಂದೇ ಟಿವಿ. ರಾತ್ರಿ ಊಟ ಆದ ಮೇಲೆ ಮಕ್ಕಳದ್ದು ಒಂದೇ ಹಠ: "ಕಾಕಾ, ದೆವ್ವದ ಪಿಚ್ಚರ್ ಹಚ್ಚು!" ಬೇಡ ಅಂದರೆ ಮೂಲೆಯಲ್ಲಿ ಕೂತು ಮೊಬೈಲ್‌ನಲ್ಲಿ ಅದಕ್ಕಿಂತ ಕೆಟ್ಟದ್ದನ್ನು ನೋಡುತ್ತಾರೆ. ಅದಕ್ಕೇ ನಾನು ಬೇಡ ಅನ್ನೋದಿಲ್ಲ, ಆರಿಸಿ ಕೊಡುತ್ತೇನೆ.

ಮೊದಲು ಗುರುತು ನೋಡಿ

2024ರ ನಿಯಮದ ಪ್ರಕಾರ ಯುಎ ಪ್ರಮಾಣಪತ್ರದಲ್ಲಿ ಈಗ ಮೂರು ಮೆಟ್ಟಿಲು: 7+, 13+, 16+. ಒಟಿಟಿಯಲ್ಲಿ 2021ರಿಂದಲೇ ಇಂಥ ಗುರುತು ಇದೆ, 13+ ಮತ್ತು ಅದರ ಮೇಲಿನದ್ದಕ್ಕೆ ಲಾಕ್ ಸೌಲಭ್ಯವೂ ಇರಲೇಬೇಕು. ಪಿನ್ ಹಾಕೋಕೆ ಐದು ನಿಮಿಷ ಸಾಕು. ಆದರೆ ನಿಮ್ಮ ಮಗು ಎಷ್ಟು ಪುಕ್ಕಲು ಅನ್ನೋದು ಪ್ರಮಾಣಪತ್ರಕ್ಕೆ ಗೊತ್ತಿರಲ್ಲ.

ಭಯ ಎಲ್ಲಿ ಮುಗಿಯುತ್ತೆ?

ದೆವ್ವ ಎಷ್ಟು ಭಯಂಕರ ಅನ್ನೋದಕ್ಕಿಂತ ಭಯ ಸಿನಿಮಾದೊಳಗೇ ಮುಗಿಯುತ್ತಾ ಅನ್ನೋದು ನನಗೆ ಮುಖ್ಯ. 2004ರ 'ಆಪ್ತಮಿತ್ರ'ದಲ್ಲಿ ನಾಗವಲ್ಲಿ ಎಷ್ಟೇ ಹೆದರಿಸಿದರೂ, ವಿಷ್ಣುವರ್ಧನ್ ಮಾಡಿದ ಮನೋವೈದ್ಯ ಕಾರಣ ಬಿಡಿಸಿ ಹೇಳುತ್ತಾನೆ. ಕೊನೆಗೆ ಎಲ್ಲ ನಿರಾಳ. ಕೆಲವು ಸಿನಿಮಾಗಳಲ್ಲಿ ಕೊನೇ ದೃಶ್ಯದಲ್ಲಿ ದೆವ್ವ ಮತ್ತೆ ಕಣ್ಣು ಬಿಡುತ್ತೆ. ಅದು ಮಗುವಿನ ಜೊತೆ ಹಾಸಿಗೆಗೂ ಬರುತ್ತೆ.

ನಮ್ಮ ಊರಿನ ಹಳೇ ಮನೆಗಳಲ್ಲಿ ಪಾಯಖಾನೆ ಇರೋದು ಹಿತ್ತಲಲ್ಲಿ. ಹೆದರಿದ ಮಗು ರಾತ್ರಿ ಅಲ್ಲಿಗೆ ಹೋಗಲ್ಲ. ತಡ್ಕೊಂಡು ಮಲಗುತ್ತೆ, ಇಲ್ಲಾ ಹಾಸಿಗೆಯಲ್ಲೇ ಮಾಡ್ಕೊಳ್ಳುತ್ತೆ. ಮರುದಿನ ಅಣ್ಣ-ಅಕ್ಕಂದಿರ ಮುಂದೆ ಅದಕ್ಕಾಗೋ ನಾಚಿಕೆ ದೆವ್ವಕ್ಕಿಂತ ದೊಡ್ಡದು.

ಮನೆಯಲ್ಲಿರೋ ವಸ್ತು

ಗಡಿಭಾಗದ ನಮಗೆ ಮರಾಠಿ ಸಿನಿಮಾ ಹೊಸದಲ್ಲ. ಮಹೇಶ್ ಕೊಠಾರೆಯವರ 'ಝಪಾಟಲೇಲಾ' (1993) ನೋಡಿ ದೊಡ್ಡವರು ಹೊಟ್ಟೆ ಹಿಡ್ಕೊಂಡು ನಗುತ್ತಾರೆ. ಆದರೆ ಅದರಲ್ಲಿ ತಾತ್ಯಾ ವಿಂಚೂನ ಆತ್ಮ ಸೇರೋದು ಒಂದು ಬೊಂಬೆಯೊಳಗೆ. ಮಗು ಪಕ್ಕದಲ್ಲಿ ಬೊಂಬೆ ಇಟ್ಕೊಂಡು ಮಲಗೋದಾದರೆ ಆ ಸಿನಿಮಾ ಇನ್ನೊಂದೆರಡು ವರ್ಷ ಕಾಯಲಿ. ಬಾವಿ, ಕನ್ನಡಿ, ಹುಣಸೆಮರದ ದೆವ್ವಗಳಿಗೂ ಇದೇ ಲೆಕ್ಕ.

ನನ್ನ ಪಟ್ಟಿ

5–7 ವರ್ಷ: 'ಹೋಟೆಲ್ ಟ್ರಾನ್ಸಿಲ್ವೇನಿಯಾ' (2012). ಇಲ್ಲಿ ರಾಕ್ಷಸರೇ ಮನುಷ್ಯರಿಗೆ ಹೆದರಿ ಅಡಗಿರುತ್ತಾರೆ.

8–10: ಅಮಿತಾಭ್ ಅವರ 'ಭೂತನಾಥ್' (2008), ವಿಶಾಲ್ ಭಾರದ್ವಾಜ್ ಅವರ 'ಮಕ್ಡೀ' (2002). 'ಮಕ್ಡೀ'ಯ ಮಾಟಗಾತಿಯ ಬಣ್ಣ ಕೊನೆಗೆ ಬಯಲಾಗುತ್ತೆ. ಮಕ್ಕಳಿಗೆ ಅದೇ ಖುಷಿ.

10 ದಾಟಿದವರಿಗೆ: 'ಆಪ್ತಮಿತ್ರ'.

13ರ ಮೇಲೆ: ಅನಂತ್ ನಾಗ್–ಲಕ್ಷ್ಮಿ ಜೋಡಿಯ 'ನಾ ನಿನ್ನ ಬಿಡಲಾರೆ' (1979), 'ರಂಗಿತರಂಗ' (2015).

'ತುಂಬಾಡ್' (2018) ಸೊಗಸಾದ ಸಿನಿಮಾ, ಆದರೆ ಮಕ್ಕಳೆಲ್ಲ ಮಲಗಿದ ಮೇಲೆ.

ನೋಡೋ ರೀತಿ

ಮಧ್ಯಾಹ್ನವೇ ಶುರು ಮಾಡಿ, ಲೈಟ್ ಆರಿಸಬೇಡಿ, ಸೌಂಡ್ ಕಡಿಮೆ ಇರಲಿ. ಹೆದರಿಸೋ ಕೆಲಸದಲ್ಲಿ ಅರ್ಧ ಪಾಲು ಸೌಂಡಿನದೇ. ಕಥೆಯ ಕೊನೆ ನಿಮಗೆ ಮೊದಲೇ ಗೊತ್ತಿರಲಿ. ನಡುವೆ ಕರೆಂಟ್ ಹೋದರೆ ದೆವ್ವ ಗೆದ್ದಲ್ಲೇ ಕಥೆ ನಿಲ್ಲುತ್ತೆ; ಆಗ ಮುಂದಿನದನ್ನು ನೀವೇ ಬಾಯಲ್ಲಿ ಹೇಳಿ ಮುಗಿಸಬೇಕು.

ಮಗು ಕಣ್ಣು ಮುಚ್ಚಿಕೊಂಡರೆ ಛೇಡಿಸಬೇಡಿ, ಎದ್ದು ಹೋಗೋಕೆ ಬಿಡಿ. ಹಿರಿಯರಿಗೂ ಮೆಲ್ಲಗೆ ಹೇಳಿ. "ಉಣ್ಣಲಿಲ್ಲಂದ್ರ ಆ ದೆವ್ವ ಬರ್ತೈತಿ ನೋಡ್" ಅಂತ ಆಯಿ ಒಂದು ಮಾತು ಅಂದರೆ, ಟಿವಿ ಬಂದ್ ಆದರೂ ದೆವ್ವ ಮನೆಯಲ್ಲೇ ಉಳಿಯುತ್ತೆ. ಆ ರಾತ್ರಿ ಹಿತ್ತಲಿಗೆ ಹೋಗುವಾಗ ಮಗು ಕರೆದರೆ, ಬೇಜಾರಿಲ್ಲದೆ ಎದ್ದು ಬ್ಯಾಟರಿ ಹಿಡಿದು ಜೊತೆಗೆ ಹೋಗಿ.