ಕೀಲು ಬದಲಾಯಿಸಿಕೊಂಡವರು ತೋಟಕ್ಕೆ ಇಳಿಯಬಹುದೆ?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಮ್ಮ ಬೆಳೆಗಾರರಲ್ಲಿ ಮಂಡಿಯನ್ನೋ ಸೊಂಟದ ಕೀಲನ್ನೋ ಬದಲಾಯಿಸಿಕೊಂಡವರು ಈಗ ಅಪರೂಪವಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರೆಲ್ಲ ಕೇಳುವ ಪ್ರಶ್ನೆ ಒಂದೇ: ಇನ್ನು ತೋಟಕ್ಕೆ ಇಳಿಯಬಹುದೆ? ಮಕ್ಕಳು ಮಂಚ ಬಿಟ್ಟು ಏಳಬೇಡಿ ಎನ್ನುತ್ತಾರೆ. ನೆರೆಯವರು ಹೊಸ ಮಂಡಿ ಬಂತಲ್ಲ, ಇನ್ನೇನು ಎನ್ನುತ್ತಾರೆ. ಶಸ್ತ್ರವೈದ್ಯರ ಮಾತು ಇವೆರಡೂ ಅಲ್ಲ.

ಒಳಗೆ ಏನಿದೆಯೆಂದು ಮೊದಲು ತಿಳಿಯೋಣ. ಸವೆದ ಮೂಳೆಯ ತುದಿಗಳಿಗೆ ಲೋಹದ ಹೊದಿಕೆ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1962ರಲ್ಲಿ ಸೊಂಟದ ಕೀಲಿಗೆ ಇದನ್ನು ಬಳಸಿದ ಮೇಲೆಯೇ ಈ ಚಿಕಿತ್ಸೆ ನೆಲೆಗೊಂಡಿತು. ಪ್ಲಾಸ್ಟಿಕ್ಕು ಉಜ್ಜಿ ಸವೆದ ಪುಡಿಯಿಂದ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗಬಹುದು. ಆದ್ದರಿಂದಲೇ ಹಿಂದಿನ ವೈದ್ಯರು ಬಹಳ ಬಿಗಿಯಾಗಿದ್ದರು. ಈಗ ಪ್ಲಾಸ್ಟಿಕ್ಕು ಸುಧಾರಿಸಿದೆ, ವೈದ್ಯರೂ ಸಡಿಲಗೊಂಡಿದ್ದಾರೆ. 2019ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ಸೊಂಟದ ಕೀಲುಗಳಲ್ಲಿ ಸುಮಾರು 58, 25 ವರ್ಷ ಬಾಳುತ್ತವೆ. ಅದು ಹೊರದೇಶದವರ ಲೆಕ್ಕ, ಕುರ್ಚಿಯ ಮೇಲೆ ಕೂರುವವರದು ಎಂಬುದನ್ನು ಮರೆಯಬಾರದು.

1999ರಲ್ಲಿ ಅಮೆರಿಕದ ಮಂಡಿ ತಜ್ಞರನ್ನು ವಿಚಾರಿಸಿದಾಗ ನಡಿಗೆ, ಈಜು, ನಿಂತಲ್ಲೇ ತುಳಿಯುವ ಸೈಕಲ್ಲು ಆಗಬಹುದು, ಓಟ, ಫುಟ್‌ಬಾಲ್ ಬೇಡ ಎಂದಿದ್ದರು. ಅವರ ಪಟ್ಟಿಯಲ್ಲಿ ಗಾಲ್ಫ್ ಇದೆ, ಅಡಿಕೆ ಆಯುವುದಿಲ್ಲ! ಅದರ ತಾತ್ಪರ್ಯವನ್ನು ನಮ್ಮ ಕೆಲಸಕ್ಕೆ ನಾವೇ ಹೊಂದಿಸಿಕೊಳ್ಳಬೇಕು. ಕೀಲಿಗೆ ಬೇಡವಾದದ್ದು ಧಕ್ಕೆ, ತಿರುಚುವಿಕೆ, ಬೀಳುವುದು.

ನಡಿಗೆಯಂತೂ ಬೇಕೇ ಬೇಕು. ಆಸ್ಪತ್ರೆಯಲ್ಲೇ ಅದೇ ದಿನ ಅಥವಾ ಮರುದಿನ ನಡೆಸುತ್ತಾರೆ. ಮಂಚ ಹಿಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಮಂಡಿ ಬಿಗಿದುಕೊಳ್ಳುವ ಭಯವಿದೆ. ಬಲ ಬಂದ ಮೇಲೆ ತೋಟ ಸುತ್ತುವುದು, ನೀರು ತಿರುಗಿಸುವುದು, ನಿಂತು ಮಾಡುವ ಹಗುರ ಕೆಲಸ ಆಗುತ್ತದೆ. ಮೂಟೆ ಮಾತ್ರ ಹೊರಬಾರದು. ಸಮನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. 50 ಕಿಲೋ ಹೊತ್ತರೆ ಎಷ್ಟಾಯಿತೆಂದು ಓದುಗರೇ ಲೆಕ್ಕ ಹಾಕಲಿ. ಏಣಿ ಹತ್ತುವುದು, ಕೆಸರು ಬದುವಿನ ಮೇಲೆ ನಡೆಯುವುದು, ಕಾಲುವೆ ಹಾರುವುದು ಬೇಡ. ಕಾಫಿ ತೋಟದವರಿಗೆ ಇಳಿಜಾರು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ಎಚ್ಚರ ಬೇಕು.

ನಮ್ಮವರಿಗೆ ನಿಜವಾಗಿ ಕಷ್ಟವಾಗುವುದು ಕುಕ್ಕರುಗಾಲು. ಬಿದ್ದ ಅಡಿಕೆ ಆಯುವುದು, ಹಾಲು ಕರೆಯುವುದು, ಶೌಚ, ಎಲ್ಲಕ್ಕೂ ಅದೇ ಭಂಗಿ. ಪೂರ್ತಿ ಕುಕ್ಕರಿಸಲು ಮಂಡಿ 130 ಡಿಗ್ರಿಗಿಂತ ಹೆಚ್ಚು ಬಾಗಬೇಕು. ಬದಲಾಯಿಸಿದ ಮಂಡಿ ಸಾಮಾನ್ಯವಾಗಿ 110–120ರ ಆಸುಪಾಸಿನಲ್ಲಿ ನಿಲ್ಲುತ್ತದೆ. ‘ಹೆಚ್ಚು ಬಾಗುವ’ ದುಬಾರಿ ಕೀಲಿಗೆ ಹಣ ಸುರಿಯುವ ಮುನ್ನ ಯೋಚಿಸಿ. ಆಮೇಲೆ ಎಷ್ಟು ಬಾಗುತ್ತದೆಂಬುದು ಮುಖ್ಯವಾಗಿ ಮೊದಲೇ ಎಷ್ಟು ಬಾಗುತ್ತಿತ್ತು ಎಂಬುದನ್ನು ಅವಲಂಬಿಸಿದೆ. ಎತ್ತರದ ಸ್ಟೂಲು, ಕಮೋಡ್ ಕುರ್ಚಿ, ಉದ್ದ ಹಿಡಿಯ ಗುದ್ದಲಿ ಇವುಗಳ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ. ಸೊಂಟದ ಕೀಲಿನವರಿಗೆ ಮೊದಲ 6ರಿಂದ 12 ವಾರ ಕಟ್ಟುನಿಟ್ಟು ಹೆಚ್ಚು. ತಗ್ಗಿನ ಮಣೆಯಲ್ಲಿ ಕೂತರೆ, ಕಾಲ ಮೇಲೆ ಕಾಲು ಹಾಕಿದರೆ ಕೀಲು ತಪ್ಪಬಹುದು. ಆಪರೇಷನ್ನಿಗೆ ಮೊದಲೇ ನೀವು ದಿನವೂ ಮಾಡುವ ಕೆಲಸಗಳನ್ನೆಲ್ಲ ವೈದ್ಯರಿಗೆ ಹೇಳಿ. ‘ವ್ಯವಸಾಯ’ ಎಂದಷ್ಟೇ ಹೇಳಿದರೆ ಸಾಲದು.

ಇನ್ನೊಂದು ಮಾತು, ಕೆಲಸಕ್ಕಿಂತ ಕಾಲಿಗೆ ಸಂಬಂಧಿಸಿದ್ದು. ಒಡೆದ ಹಿಮ್ಮಡಿ, ಚುಚ್ಚಿದ ಮುಳ್ಳು, ಕೀವಾದ ಗಾಯದಿಂದ ರೋಗಾಣು ರಕ್ತದ ಮೂಲಕ ಕೃತಕ ಕೀಲಿಗೆ ಸೇರಬಹುದು. ಸೇರಿದರೆ ಮತ್ತೆ ಆಪರೇಷನ್ನೇ ಗತಿಯಾಗಬಹುದು. ಸಕ್ಕರೆ ಕಾಯಿಲೆಯಿರುವವರಿಗೆ ಅಪಾಯ ಹೆಚ್ಚು. ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ. ಗಾಯ ಕೆಂಪಾಗಿ ಊದಿದರೆ, ಕೀಲು ಹೊಸದಾಗಿ ನೋಯತೊಡಗಿದರೆ, ಅಂದೇ ವೈದ್ಯರಿಗೆ ತೋರಿಸಿ.